ತಣಿದ ಸೇಮಿಗೆ ಉಂಡೆಗಳು

ಪಕ್ಕದ ಮನೆಯಾಕೆಯ ತವರಿನ ಬೀದಿಯಲ್ಲಿ ಗುಂಡು ಹಾರುತ್ತಿದೆ ಎಂಬ ಸುದ್ದಿ ಬಂದಾಗ ಅವಳೂ ನಾನೂ ನಮ್ಮ ಅಡುಗೆಮನೆಯಲ್ಲಿ ಸೇಮಿಗೆ ಒತ್ತುತ್ತಿದ್ದೆವು. ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟದ ತಯಾರಿ ನಡೆಯುತ್ತಿದ್ದ ಕಾಲ. ನಾವು ಅಲ್ಲಿಂದ ಉತ್ತರಕ್ಕಿರುವ ಅಲ್ ಖೋರ್‌ನಲ್ಲಿದ್ದೆವು. ಅವಳು ಟರ್ಕಿಯ ಪೂರ್ವದ ಕಡೆಯ ಕುರ್ದಿಶ್ ಹೆಂಗಸು. ಅವಳ ಗಂಡನೂ ನನ್ನವರೂ ಒಂದೇ ಬಸ್ಸಿನಲ್ಲಿ ರಾಸ್ ಲಫಾನ್‌ಗೆ ಗ್ಯಾಸ್ ಸ್ಥಾವರದ ಕೆಲಸಕ್ಕೆ ಹೋಗುವವರು.

ಸೇಮಿಗೆ ಎಂದರೆ ನಮ್ಮ ಅಕ್ಕಿ ಶಾವಿಗೆ, ಒಬ್ಬರ ಕೈಯಿಂದಾಗುವ ಕೆಲಸವಲ್ಲ. ಬೆಂದ ಅಕ್ಕಿ ಉಂಡೆ ಬಿಸಿ ಇರುವಾಗಲೇ ಒತ್ತುವ ಮಣೆಗೆ ಹಾಕಿ ಒಬ್ಬರು ಹಿಡಿಕೆ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ತಟ್ಟೆ ಆಡಿಸಬೇಕು. ತಣಿದರೆ ಎಳೆ ಇಳಿಯುವುದಿಲ್ಲ. ನನ್ನವರಿಗೆ ಶುಕ್ರವಾರ ಡ್ಯೂಟಿ ಬಿದ್ದರೆ ಹಿಡಿಕೆ ಅವಳದು. ರೊಟ್ಟಿ ಹಿಟ್ಟು ನಾದಿ ಗಟ್ಟಿಯಾದ ಆ ತೋಳುಗಳನ್ನು ದೇವರು ನನಗೆಂದೇ ಪಕ್ಕದ ಮನೆಗೆ ಕಳಿಸಿದ್ದ ಎಂದುಕೊಳ್ಳುತ್ತಿದ್ದೆ.

"ಇಷ್ಟು ಕಷ್ಟಪಟ್ಟು ದಾರ ಮಾಡ್ತೀಯಲ್ಲ, ಇಷ್ಟೊತ್ತಿಗೆ ನಮ್ಮಲ್ಲಿ ಒಂದು ಕುರಿ ಬೇಯ್ತಿತ್ತು" ಎಂದು ಅವಳ ತಮಾಷೆ. ಅರ್ಧ ಅರಬ್ಬಿ, ಅರ್ಧ ಇಂಗ್ಲಿಷ್; ಸಿಗದ ಮಾತಿಗೆ ಕೈಸನ್ನೆ.

ಅವಳ ಮಗಳು ಓಡಿಬಂದು ಟೀವಿಯಲ್ಲಿ ಅಜ್ಜಿಯ ಬೀದಿ ಬರುತ್ತಿದೆ ಎಂದಳು. ಅವಳ ಮನೆಗೆ ಹೋಗಿ ನೋಡಿದೆವು. ಬೀದಿಯ ಒಂದು ತುದಿಯಲ್ಲಿ ಸರ್ಕಾರದ ಪಡೆ, ಇನ್ನೊಂದು ತುದಿಯಲ್ಲಿ ಕುರ್ದಿಶ್ ಬಂಡುಕೋರರು, ನಡುವೆ ಒಣಹಾಕಿದ ಬಟ್ಟೆಯನ್ನೂ ತೆಗೆಯದ ಮನೆಗಳು.

ನಿಮ್ಮವರು ಯಾವ ಕಡೆ ಎಂದು ಹಿಂದೊಮ್ಮೆ ಕೇಳಿದ್ದೆ. "ಚಿಕ್ಕಪ್ಪನ ಒಬ್ಬ ಮಗ ಬಂದೂಕು ಹಿಡಿದು ಬೆಟ್ಟ ಹತ್ತಿದ್ದಾನೆ, ಇನ್ನೊಬ್ಬ ಸೈನ್ಯದಲ್ಲಿದ್ದಾನೆ. ಅಮ್ಮ ಇಬ್ಬರಿಗೂ ಕಾಲುಚೀಲ ಹೆಣೀತಾಳೆ" ಎಂದಿದ್ದಳು. ಆ ಅಮ್ಮ ಈಗ ಆ ಬೀದಿಯಲ್ಲಿದ್ದಳು. ಫೋನು ತಾಗುತ್ತಿರಲಿಲ್ಲ.

ಟೀವಿ ನೋಡಲಾಗದೆ ಅವಳು ಮೊಬೈಲ್ ಹಿಡಿದು ನನ್ನ ಅಡುಗೆಮನೆಗೇ ಬಂದು ಕೂತಳು. ನಾನು ಕಪಾಟಿನೊಳಗಿನ ದೇವರಿಗೆ ದೀಪ ಹಚ್ಚಿದೆ.

"ನಿನ್ನ ದೇವರಿಗೆ ನಮ್ಮೂರು ಗೊತ್ತಾ, ಉಖ್ತಿ?" ಎಂದಳು. ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ, ಅರಬ್ಬಿಯಲ್ಲಿ, ತಂಗಿ ಎಂದು.

"ನಿನ್ನಮ್ಮ ಗೊತ್ತಿದ್ದರೆ ಸಾಕಲ್ಲ ಮಾರಾಯ್ತಿ."

ಅವಳೂ ನೆಲದ ಮೇಲೆ ಕೂತಲ್ಲೇ ಎರಡೂ ಅಂಗೈ ಚಾಚಿ ಬೇಡಿಕೊಂಡಳು. ಬೆರಳಿಗೆ ಅಕ್ಕಿಹಿಟ್ಟು ಮೆತ್ತಿತ್ತು. ಆಮೇಲೆ ಮತ್ತೆ ಮತ್ತೆ ಫೋನು ಒತ್ತಿದಳು. ನಾನು ಅವಳ ಬೆನ್ನು ಸವರುತ್ತಿದ್ದೆ.

ಕೊನೆಗೆ ಫೋನು ಆ ಕಡೆಯಿಂದಲೇ ಬಂತು. ಅಮ್ಮನೇ. ನೆರೆಯವರು ಅವಳನ್ನು ಎಳೆದುಕೊಂಡು ಹೋಗಿ ತಮ್ಮ ನೆಲಮಾಳಿಗೆಯಲ್ಲಿ ಕೂರಿಸಿದ್ದರಂತೆ. ಇವಳು ಅತ್ತಳು, ನಡುವೆ ಏನೋ ಉತ್ತರ ಕೊಟ್ಟಳು, ಆಮೇಲೆ ಅಳುತ್ತಲೇ ನಕ್ಕಳು.

"ಎಂತ ಹೇಳಿದರು?"

"ಏನು ಮಾಡ್ತಿದ್ದೆ ಅಂತ ಕೇಳಿದಳು. ಅಡುಗೆ ಅಂದೆ. ಅರ್ಧಕ್ಕೆ ಬಿಟ್ಟು ಎದ್ದೆಯಾ ಅಂತ ಬೈದಳು."

ಆ ಊರಿನಲ್ಲಿ ಗುಂಡಿನ ಸದ್ದು ಇನ್ನೂ ನಿಂತಿರಲಿಲ್ಲ. ಆದರೂ ಆ ದಿನಕ್ಕೆ ಒಂದು ಬೈಗುಳ ಕೇಳಿಸಿದ್ದಕ್ಕೆ ನಾನು ದೇವರಿಗೆ ಕೈಮುಗಿದೆ.

ಅಮ್ಮ ಹೇಳಿದ್ದಲ್ಲವೇ, ಅವಳು ಎದ್ದು ಮುಖ ತೊಳೆದು ಹಿಡಿಕೆ ಹಿಡಿದಳು. "ಯಲ್ಲಾ", ನಡಿ ಶುರುಮಾಡೋಣ, ಎಂದು ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ತಣಿದ ಉಂಡೆ ಅಲುಗಲಿಲ್ಲ.

"ಬಿಡು, ಮಣೆ ಮುರಿದೀತು" ಎಂದು ನಾನು ಅವಳ ಕೈ ಬಿಡಿಸಿದೆ. ಉಳಿದ ಉಂಡೆಗಳನ್ನೆಲ್ಲ ತಟ್ಟೆಗೆ ಹಾಕಿ ಅವಳ ಮುಂದಿಟ್ಟು, ಉಪ್ಪಿಟ್ಟಿಗೆ ಪುಡಿ ಮಾಡಲು ಹೇಳಿ, ಒಗ್ಗರಣೆಗೆ ಎಣ್ಣೆ ಕಾಯಲಿಟ್ಟೆ.