ಕಾಕು ಮತ್ತು ಕೆಂಪು ಕಾರಿನ ಕೆಮ್ಮು

ಮೊನ್ನೆ ಡೊಂಬಿವಲಿಯಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಒಂದಿಷ್ಟು ಹನಿ ನನ್ನ ದುಪಟ್ಟಾದ ಮೇಲೆ ಬಿತ್ತು. ಲೋಕಲ್ ಹಿಡಿಯುವ ಅವಸರ, ಒರೆಸಿಕೊಳ್ಳಲಿಲ್ಲ. ರೈಲು ಥಾಣೆ ದಾಟಿದರೂ ಹೆಂಗಸರ ಡಬ್ಬಿಯಲ್ಲಿ ನನ್ನ ಸುತ್ತ ಅದೇ ವಾಸನೆ. ಪಕ್ಕದವಳು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಕೆಳಗಿನ ಮನೆಯ ಕಾಕು ಬಂದು ಎದುರು ನಿಂತಂತಾಯಿತು... ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು.

ಕಾಕು ಧಾರವಾಡದ ಕಡೆಯವರು. ಇಲ್ಲಿನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ನಮ್ಮ ಸೊಸೈಟಿಯಲ್ಲಿ ಅವರು ಪ್ರಸಿದ್ಧರಾಗಿದ್ದು ಕಾರಿನಿಂದ. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿದ್ದ, ಉದ್ದ ಮೂತಿಯ ಕೆಂಪು ವಿದೇಶಿ ಸ್ಪೋರ್ಟ್ಸ್ ಕಾರು. ಗಂಡನದೇ ಇರಬೇಕೆಂದು ಎಲ್ಲರೂ ಊಹಿಸುತ್ತಿದ್ದರು. ಅಲ್ಲ, ಕಾಕುವೇ ಹರೆಯದಲ್ಲಿ ಆಸೆಪಟ್ಟು ಕೊಂಡಿದ್ದು. ಕಾಕಾ ಬದುಕಿರುವವರೆಗೂ ಅದರಲ್ಲಿ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದರಂತೆ.

ನಾನು ಉಡುಪಿಯಿಂದ ಮದುವೆಯಾಗಿ ಬಂದವಳು. ಬ್ಯಾಂಕಿನ ಕೆಲಸ, ಲೋಕಲ್ಲಿನ ನೂಕಾಟ ಬಿಟ್ಟರೆ ಈ ಊರಲ್ಲಿ ನನಗೆ ಬೇರೇನೂ ಗೊತ್ತಿರಲಿಲ್ಲ. ಭಾನುವಾರ ಕನ್ನಡದಲ್ಲಿ ಮಾತಾಡುವ ಆಸೆಗೆ ಕೆಳಗಿಳಿಯುತ್ತಿದ್ದೆ. ಕಾಕು ಬಾನೆಟ್ ಎತ್ತಿಕೊಂಡು ನಿಂತಿರುತ್ತಿದ್ದರು. ನಾನು ಸ್ಪ್ಯಾನರ್ ಕೊಡುವವಳಾದೆ.

ಆ ವರ್ಷ ಕಾರಿಗೆ ವಿಚಿತ್ರ ರೋಗ ಹಿಡಿಯಿತು. ಗಲ್ಲಿಗಳಲ್ಲಿ ಚೆನ್ನಾಗಿ ಓಡುತ್ತಿತ್ತು. ದೊಡ್ಡ ರಸ್ತೆಯಲ್ಲಿ ವೇಗ ಹೆಚ್ಚಿಸಿದರೆ ಕೆಮ್ಮಿ, ಜಗ್ಗಿ, ನಿಂತೇಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಮತ್ತೆ ಶುರು. ಉಲ್ಹಾಸನಗರದ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಎಳೆಯುವ ಪಂಪನ್ನೇ ಬದಲಿಸಿದ. ರೋಗ ಹೋಗಲಿಲ್ಲ. ಅಷ್ಟರಲ್ಲಿ ನೋಂದಣಿ ಮುಗಿಯುತ್ತಿತ್ತು. ಕಲ್ಯಾಣದ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ಹಾಜರಾಗಿ ಪಾಸಾಗದಿದ್ದರೆ ಕಾರು ಇನ್ನು ರಸ್ತೆಗಿಳಿಯುವಂತಿಲ್ಲ.

ತಪಾಸಣೆಯ ದಿನ ಜೊತೆಗೆ ನಾನೂ ಹೊರಟೆ. ಕಲ್ಯಾಣದ ಸೇತುವೆಯ ನಟ್ಟನಡುವೆ ಕಾರು ನಿಂತಿತು. ಹಿಂದೆ ಹಾರ್ನುಗಳ ಗದ್ದಲ. ರಿಕ್ಷಾದವನೊಬ್ಬ ತಲೆ ಹೊರಹಾಕಿ, "ಆಜೀ, ಭಂಗಾರವಾಲೇಕೋ ಬುಲಾವೋ!" ಎಂದು ಕೂಗಿದ, ಗುಜರಿಯವನನ್ನು ಕರೆಯಿರಿ ಅಂತ. ನಾನು ಹಿಂದಿನಿಂದ ತಳ್ಳಿದೆ, ಕಾಕು ಸ್ಟೀರಿಂಗ್ ಹಿಡಿದು ಪಕ್ಕದಿಂದ ತಳ್ಳಿದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ತಪಾಸಣೆ ತಪ್ಪಿತು. ಇನ್ನೊಂದು ದಿನ ಕೊಟ್ಟರು, ಅದೇ ಕೊನೆಯ ಅವಕಾಶ.

"ಮಾರಿಬಿಡಿ ಕಾಕು, ಯಾಕೆ ಇಷ್ಟು ಕಷ್ಟ ಮಾರಾಯ್ರೆ?" ಎಂದೆ.

"ಇದರ ರೋಗ ಏನಂತ ಇನ್ನೂ ನನಗ ತಿಳಿದಿಲ್ಲವ್ವಾ. ತಿಳೀಲಾರದ ಹೆಂಗ ಬಿಡ್ಲಿ?"

ಭಾನುವಾರ ಬೆಳಿಗ್ಗೆ ಇಬ್ಬರೂ ಪಾರ್ಕಿಂಗಿನಲ್ಲಿ ಕೂತೆವು. ಪಕ್ಕದಲ್ಲಿ ಮರಳಿನ ಬಕೆಟ್ಟು. ಅದಿಲ್ಲದೆ ಕಾಕು ಪೆಟ್ರೋಲ್ ಮುಟ್ಟುತ್ತಿರಲಿಲ್ಲ. ಎಂಜಿನ್ನನ್ನು ಜೋರಾಗಿ ಓಡಿಸಿ ಹಿಡಿದರು. ಕೆಮ್ಮಿ ನಿಂತಿತು. ಟ್ಯಾಂಕಿಗೆ ಗಾಳಿ ಆಡುತ್ತಿಲ್ಲ, ಅದಕ್ಕೇ ಪೆಟ್ರೋಲ್ ಬರುತ್ತಿಲ್ಲ ಎಂಬುದು ಅವರ ಗುಮಾನಿ. ಮುಚ್ಚಳ ತೆಗೆದಿಟ್ಟು ಮತ್ತೆ ಓಡಿಸಿದೆವು. ಮತ್ತೆ ನಿಂತಿತು. "ತಪ್ಪಾತು ನನ್ನ ಲೆಕ್ಕ," ಎಂದು ನಕ್ಕರು.

ಆಮೇಲೆ ಟ್ಯಾಂಕನ್ನೇ ಬಿಟ್ಟು, ಒಂದು ಕ್ಯಾನಿನಿಂದ ಪಂಪಿಗೆ ನೇರ ಪೈಪ್ ಜೋಡಿಸಿದರು. ಎಂಜಿನ್ ಗರ್ಜಿಸಿತು. ನಿಲ್ಲಲೇ ಇಲ್ಲ! ಅಂದರೆ ಪಂಪೂ ಸರಿ, ಕಾರ್ಬುರೇಟರೂ ಸರಿ. ತೊಂದರೆ ಇರುವುದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ. ಆ ದಾರಿಗೆ ಸೈಕಲ್ ಪಂಪಿನಿಂದ ಗಾಳಿ ಊದಿದೆ. ಟ್ಯಾಂಕಿನೊಳಗೆ ಗುಳುಗುಳು ಸದ್ದು. ದಾರಿ ಖುಲ್ಲಾ.

ನನಗೆ ಅಳು ಬಂದಂತಾಯಿತು. ಕಾಕು ನೆಲದ ಮೇಲೆ ಕೂತು ಸೈಕಲ್ ಪಂಪಿನ ಹಿಡಿಯನ್ನು ಎಳೆದು ಒತ್ತಿ, ಎಳೆದು ಒತ್ತಿ ನೋಡಿದರು. ಆಮೇಲೆ ತಟ್ಟನೆ ತಲೆ ಎತ್ತಿದರು.

"ಊದಿದ್ರ ಹೋಗ್ತದ. ಆದ್ರ ಎಂಜಿನ್ನು ಊದೂದಿಲ್ಲಲ್ಲಾ, ಎಳೀತದ!"

ಮನೆಯಿಂದ ದೊಡ್ಡ ಸಿರಿಂಜ್ ತಂದರು. ಅದನ್ನು ಪೈಪಿಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ಮೆಲ್ಲಗೆ ಎಳೆದೆ, ಪೆಟ್ರೋಲ್ ಬಂತು. ಜೋರಾಗಿ ಎಳೆದೆ, ಸಿರಿಂಜಿನ ಹಿಡಿ ನನ್ನ ಬೆರಳುಗಳನ್ನೇ ಹಿಂದಕ್ಕೆ ಎಳೆಯಿತು.

"ಕಾಕು, ಇದು ವಾಪಸ್ ಎಳೀತಾ ಉಂಟು!"

ಕಾಕು ಆಗಲೇ ಕಾರಿನಡಿ ತೂರಿದ್ದರು. ಟ್ಯಾಂಕಿನಿಂದ ಪೆಟ್ರೋಲ್ ಹೊರಬರುವ ಬಾಯಿಗೆ ಕೂರಿಸಿದ್ದ ಗೇಣುದ್ದದ ರಬ್ಬರ್ ಪೈಪನ್ನು ಬಿಚ್ಚಿ ತಂದರು. ಹೊರಗೆ ಒಂದು ಬಿರುಕೂ ಇಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಳಗಿನ ಪದರ ನೆನೆದ ಕಾಗದದಂತೆ ಉಬ್ಬಿ, ಬಿಟ್ಟುಕೊಂಡು ಜೋತುಬಿದ್ದಿತ್ತು. ಊದಿದರೆ ತೆರೆಯುತ್ತಿತ್ತು, ಜೋರಾಗಿ ಎಳೆದರೆ ದಾರಿಗೆ ಅಡ್ಡ ಮುಚ್ಚಿಕೊಳ್ಳುತ್ತಿತ್ತು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಆ ಹಳೆಯ ರಬ್ಬರು ತಡೆದಿರಲಿಲ್ಲ.

"ಸಿಕ್ತಲ್ಲ ಕಳ್ಳ!" ಎಂದು ಕಾಕು ಪೈಪನ್ನು ಎತ್ತಿ ಹಿಡಿದು ಕೂಗಿದರು. ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕುತ್ತಿದ್ದವರೆಲ್ಲ ಬಗ್ಗಿ ನೋಡಿದರು.

ಹೊಸ ಪೆಟ್ರೋಲಿಗೆ ತಡೆಯುವ ಪೈಪು ಉಲ್ಹಾಸನಗರದಲ್ಲೇ ಸಿಕ್ಕಿತು. ತಪಾಸಣೆಯ ದಿನ ಅದೇ ಸೇತುವೆಯನ್ನು ಕಾರು ಉಸಿರೂ ಬಿಡದೆ ಏರಿ ಇಳಿಯಿತು. ತಪಾಸಣೆಯ ಅಧಿಕಾರಿ ಎಲ್ಲ ನೋಡಿ ಮುಗಿಸಿ, "ಆಜೀ, ಏಕ್ ಫೋಟೋ ಘೇವೂ ಕಾ?" ಎಂದು ಫೋಟೋ ತೆಗೆಯಲು ಸಂಕೋಚದಿಂದ ಒಪ್ಪಿಗೆ ಕೇಳಿದ. ಪಾಸು!

ಹೊರಬಂದ ಮೇಲೆ ಕಾಕು ಡೊಂಬಿವಲಿಯ ಕಡೆ ತಿರುಗಿಸಲಿಲ್ಲ.

"ಎಲ್ಲಿಗೆ ಕಾಕು?"

"ಸುಮ್ನ ಕೂಡು. ಇಷ್ಟು ದಿನ ಕೆಮ್ಮೇದ, ಇವತ್ತ ಹಾಡ್ಲಿ."

ಶೀಳ್ ರಸ್ತೆ ದಾಟಿ ನವಿ ಮುಂಬಯಿಗೆ ಬಂದೆವು. ಸೀವುಡ್ಸಿನ ಹತ್ತಿರದ ಅಗಲ ರಸ್ತೆಯಲ್ಲಿ ಕಾಕು ಆಕ್ಸಿಲರೇಟರ್ ಒತ್ತಿದರು. ಒಂದು ಕಡೆ ಖಾಡಿಯ ಉಪ್ಪು ಹಿನ್ನೀರು ಮಿಂಚುತ್ತಿತ್ತು. ಅವರ ಬಿಳಿ ಕೂದಲು ಬಿಚ್ಚಿ ಹಾರುತ್ತಿತ್ತು. ಎಂಜಿನ್ ಒಂದೇ ಶ್ರುತಿಯಲ್ಲಿ ಮೊಳಗುತ್ತಿತ್ತು, ಒಂದು ಕೆಮ್ಮಿಲ್ಲ. ನಾನು ಕಿರುಚುತ್ತಿದ್ದೆ, ಕಾಕು ನಗುತ್ತಿದ್ದರು. ಅಷ್ಟು ಖುಷಿಯಾಗಿ ನಾನು ಈ ಊರಿಗೆ ಬಂದ ಮೇಲೆ ಕಿರುಚಿದ್ದೇ ಇಲ್ಲ.

ಆಮೇಲೂ ಕೆಲವು ವರ್ಷ ಆ ಕಾರು ಓಡಿತು. ಒಂದು ಮಳೆಗಾಲದ ಕೊನೆಗೆ ಕಾಕು ಹೋದರು, ಹೆಚ್ಚು ದಿನ ಮಲಗದೆ. ಅವರೇ ಹೇಳಿಟ್ಟಿದ್ದಂತೆ ಕಾರು ಉಲ್ಹಾಸನಗರದ ಮೆಕ್ಯಾನಿಕನಿಗೆ ಸೇರಿತು. ಅವನು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದಾನೆ.

ಕಳೆದ ತಿಂಗಳು ನಾನು ಕಾರು ಓಡಿಸುವ ಪರೀಕ್ಷೆ ಪಾಸಾದೆ. ಖುಷಿಯಲ್ಲಿ ಮೆಟ್ಟಿಲು ಹತ್ತಿ ಬಂದವಳು ನೇರ ಕಾಕುವಿನ ಮನೆಯ ಬೆಲ್ ಒತ್ತಿಬಿಟ್ಟೆ. ಬಾಗಿಲು ತೆರೆದವನು ಅಲ್ಲಿಗೆ ಹೊಸದಾಗಿ ಬಂದಿರುವ ಹುಡುಗ.

"ಕೋಣ್ ಪಾಹಿಜೇ?" ಎಂದ.

ಯಾರು ಬೇಕು ಎಂದು ಕೇಳಿದ್ದ, ಅಷ್ಟೇ. ನನಗೆ ಉತ್ತರ ಗೊತ್ತಿತ್ತು. ಆದರೂ ಮಹಡಿ ತಪ್ಪಿತೆಂದು ಹೇಳಿ ಮೇಲೆ ಹತ್ತಿದೆ.