ಎದುರು ಗುಡ್ಡದ ಬಲ್ಬು

ಹೆತ್ತೂರಿನ ಕಡೆಯ ಆ ಕಾಫಿ ಎಸ್ಟೇಟಿನಲ್ಲಿ ಕರೆಂಟ್ ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದದ್ದು ಎದುರು ಗುಡ್ಡದ ಮುದುಕಿ ಹುಲಿಯಮ್ಮನ ಬಲ್ಬು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನಲ್ಲಿ ಜನರೇಟರ್ ಓಡುತ್ತಿರುವಾಗ ಲೈನಿನ ಕರೆಂಟ್ ವಾಪಸ್ಸು ಬಂದರೂ ಒಳಗಿದ್ದವರಿಗೆ ತಿಳಿಯುವಂತಿರಲಿಲ್ಲ. ಎಲ್ಲರೂ ಕಣಿವೆಯಾಚೆ ನೋಡುತ್ತಿದ್ದರು. ಹುಲಿಯಮ್ಮನ ಜಗಲಿಯ ಬಲ್ಬಿನ ಸ್ವಿಚ್ಚು ಎಂದೋ ಕೆಟ್ಟು, ಯಾರೋ ತಂತಿಯನ್ನು ನೇರ ಸಿಕ್ಕಿಸಿದ್ದರಿಂದ ಕರೆಂಟ್ ಇದ್ದಷ್ಟು ಹೊತ್ತೂ ಅದು ಉರಿಯುತ್ತಿತ್ತು. ಸಂಜೆಯ ಮಂಜಿನಲ್ಲಿ ಗುಡ್ಡ ಕರಗಿಹೋಗಿ, ಆ ಹಳದಿ ಬೆಳಕೊಂದೇ ಆಕಾಶದಲ್ಲಿ ತೇಲುವಾಗ ಜನರೇಟರ್ ನೋಡಿಕೊಳ್ಳುವ ಶಿವು ಕೂಗುತ್ತಿದ್ದ: “ಕರೆಂಟ್ ಬಂತು ರೈಟ್ರೆ!”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇವೇಂದ್ರನಿಗೆ ಇದು ಅವಮಾನ. ಕಿಸೆಯಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯ ಆತ. ಅದರ ಮೇಲೆ ಹುಲಿಯಮ್ಮ ದಾರಿಯಲ್ಲಿ ಸಿಕ್ಕಾಗೆಲ್ಲ, “ಏನ್ ರೈಟ್ರೆ, ನನ್ ಬಲ್ಬ್ ನೋಡ್ಕಂಡೇ ನಿಮ್ ಮಿಷನ್ ಓಡೋದಂತೆ?” ಎಂದು ಚುಚ್ಚುತ್ತಿದ್ದಳು. ಇದರಿಂದ ಪಾರಾಗದೆ ತನಗೆ ಮರ್ಯಾದೆಯಿಲ್ಲ ಎಂದು ದೇವೇಂದ್ರ ನಿಶ್ಚಯಿಸಿಬಿಟ್ಟ.

ಸಕಲೇಶಪುರದಿಂದ ಗುಂಡಿಯಷ್ಟು ಗಾತ್ರದ ಹಸಿರು ಎಲ್‌ಇಡಿ ದೀಪ ತಂದ. ಮೇನ್ ಫ್ಯೂಸ್ ಕಿತ್ತಿಟ್ಟು, ಲೈನಿನಿಂದ ಜನರೇಟರಿಗೆ ಬದಲಾಯಿಸುವ ಚೇಂಜ್‌ಓವರ್ ಸ್ವಿಚ್ಚಿನ ಪಕ್ಕದ ಹಲಗೆಗೆ ಅದನ್ನು ಕೂರಿಸಿ, ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರರ ಗಾಂಭೀರ್ಯದಲ್ಲಿ ತಂತಿ ಸೇರಿಸಿದ. ಫ್ಯೂಸ್ ಹಾಕಿದರೆ ಹತ್ತಿತು, ತೆಗೆದರೆ ಆರಿತು.

“ಇನ್ಮೇಲೆ ಯಾರೂ ಆಚೆ ನೋಡಂಗಿಲ್ಲ. ಹಸಿರು ಹತ್ತಿದ್ರೆ ಲೈನ್ ಕರೆಂಟ್ ಐತೆ ಅಂತ ಅರ್ಥ.”

ಮರುದಿನ ಸಂಜೆ ಹಣ್ಣು ಪಲ್ಪರಿಗೆ ಬೀಳುತ್ತಿದ್ದಾಗ ಕರೆಂಟ್ ಹೋಯಿತು. ಶಿವು ಜನರೇಟರ್ ಶುರು ಮಾಡಿ ಚೇಂಜ್‌ಓವರ್ ಹಿಡಿ ತಿರುಗಿಸಿದ. ಹಸಿರು ದೀಪ ಹತ್ತಿತು.

“ಬಂತು, ಬಂತು! ನಿಲ್ಸೋ!” ದೇವೇಂದ್ರ ಕೂಗಿದ.

“ಈಗ್ತಾನೆ ಶುರು ಮಾಡಿವ್ನಿ, ರೈಟ್ರೆ.”

“ಹಸ್ರು ಕಾಣಕ್ಕಿಲ್ವೇನೋ?”

ಶಿವು ನಿಲ್ಲಿಸಿ, ಹಿಡಿಯನ್ನು ಲೈನಿನ ಕಡೆಗೆ ತಿರುಗಿಸಿದ. ಕತ್ತಲು. ಮತ್ತೆ ಜನರೇಟರ್, ಮತ್ತೆ ಹಸಿರು, ದೇವೇಂದ್ರನ ಮತ್ತೊಂದು ಕೂಗು, ಮತ್ತೆ ಕತ್ತಲು. ಅರೆಬರೆ ಸುಲಿದ ಹಣ್ಣು ಪಲ್ಪರಿನೊಳಗೆ ಸಿಕ್ಕಿಕೊಂಡಿತ್ತು. ಹಣ್ಣು ಸುರಿಯುವ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.

“ಒಂದ್ಸಲ ಆಚೆ ನೋಡ್ಬುಡಿ ಮಾರಾಯ್ರೆ,” ಎಂದ ಶಿವು.

ಎದುರು ಗುಡ್ಡ ಕಪ್ಪಗಿತ್ತು.

ದೇವೇಂದ್ರನಿಗೆ ಆಗ ಹೊಳೆಯಿತು. ತಂತಿಯನ್ನು ಸ್ವಿಚ್ಚು ದಾಟಿದ ಮೇಲೆ, ಮೋಟಾರಿನ ಕಡೆ ಸೇರಿಸಿದ್ದ. ಅಲ್ಲಿಗೆ ಯಾವ ಕರೆಂಟ್ ಬಂದರೂ ದೀಪ ಹತ್ತಲೇಬೇಕು. ಮಾರನೆಯ ಬೆಳಿಗ್ಗೆ ಯಾರೂ ಬರುವ ಮೊದಲೇ ಮತ್ತೆ ಫ್ಯೂಸ್ ಕಿತ್ತು, ತಂತಿಯನ್ನು ಸ್ವಿಚ್ಚಿಗಿಂತ ಮುಂಚೆ, ಮೀಟರಿನ ಕಡೆಗೆ ಬದಲಾಯಿಸಿದ. ಈಗ ದೀಪ ಜನರೇಟರಿಗೆ ಜಪ್ಪಯ್ಯ ಅನ್ನಲಿಲ್ಲ. ಲೈನಿಗೆ ಮಾತ್ರ ಕಣ್ಣು ಬಿಟ್ಟಿತು.

ಒಂದು ವಾರ ಅದು ನಿಜವನ್ನೇ ಹೇಳಿತು. ವಾರ ಕಳೆದ ಮೇಲೊಂದು ಸಂಜೆ ಪಲ್ಪರ್ ಲೈನಿನ ಕರೆಂಟಿನಲ್ಲೇ ಓಡುತ್ತಿತ್ತು. ಹಣ್ಣಿನ ಸಿಪ್ಪೆಯ ಸಿಹಿ ವಾಸನೆ ಮಂಜಿನೊಳಗೆ ಸೇರಿ, ಶೆಡ್ಡು ನಿದ್ದೆಯಲ್ಲಿ ತೇಲಿದಂತಿತ್ತು. ಹಲಗೆಯ ಮೇಲೆ ಹಸಿರು ಚುಕ್ಕಿ ಮಿಂಚುಹುಳದಂತೆ ನಿಂತಿತ್ತು. ದೇವೇಂದ್ರ, ಅಭ್ಯಾಸಬಲದಿಂದ, ಆಚೆ ನೋಡಿದ. ಹುಲಿಯಮ್ಮನ ಬೆಳಕಿರಲಿಲ್ಲ.

ಮೊದಲಾಗಿದ್ದರೆ ಕರೆಂಟ್ ಹೋಗಿದೆ ಎಂದುಕೊಳ್ಳುತ್ತಿದ್ದ. ಈಗ ಹಸಿರು ದೀಪ ಹೇಳುತ್ತಿತ್ತು: ಕರೆಂಟ್ ಇದೆ, ಮುದುಕಿಯ ಮನೆಯಲ್ಲೇ ಏನೋ ಆಗಿದೆ. ತಾನು ಕಟ್ಟಿದ ದೀಪ ತನ್ನನ್ನೇ ಹೀಗೆ ಕಣಿವೆ ಇಳಿಸೀತು ಎಂದು ಅವನು ಎಣಿಸಿರಲಿಲ್ಲ. ಸ್ಟೋರಿನಿಂದ ಒಂದು ಬಲ್ಬು ಎತ್ತಿಕೊಂಡು, ಏದುಸಿರು ಬಿಡುತ್ತಾ ಗುಡ್ಡ ಹತ್ತಿದ.

ಹುಲಿಯಮ್ಮ ಜಗಲಿಯ ಮಬ್ಬಿನಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದಳು.

“ಕರೆಂಟಿಲ್ದೆ ಹೆಂಗೆ ರೈಟ್ರೆ ಮಿಷನ್ ಓಡ್ತಾ ಐತೆ?”

“ಕರೆಂಟೈತೆ ಕಣಜ್ಜಿ. ನಿನ್ ಬಲ್ಬ್ ಹೋಗ್ಬುಟ್ಟೈತೆ.”

“ನಿಂಗ್ಯಾರ್ ಹೇಳಿದ್ರು?”

ಹಸಿರು ದೀಪವನ್ನು ತೋರಿಸೋಣವೆಂದು ದೇವೇಂದ್ರ ತಿರುಗಿದ. ಅಲ್ಲಿಂದ ಶೆಡ್ಡೇ ಕಾಣುತ್ತಿರಲಿಲ್ಲ. ಬರೀ ಬಿಳಿ ಮಂಜು. ಹಳೆಯ ಬಲ್ಬು ಬಿಚ್ಚಿ ಹೊಸದು ಹಾಕಿದ. ಜಗಲಿ ಹಳದಿಯಾಯಿತು.

ಮಂಜಿನಾಚೆಯಿಂದ, ಓಡುತ್ತಲೇ ಇದ್ದ ಪಲ್ಪರಿನ ಸದ್ದನ್ನೂ ಮೀರಿಸಿ, ಶಿವುವಿನ ಸಂಭ್ರಮದ ಕೂಗು ಕೇಳಿಸಿತು:

“ಕರೆಂಟ್ ಬಂತು ರೈಟ್ರೆ!”