ಕಡಲಿಗೇ ಬಿಟ್ಟ ಉಂಡೆ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ನನ್ನ ಗಂಡ ಉಂಡೆ ಕೊಬ್ಬರಿಯ ಲೋಡಿನ ಜೊತೆ ಲಾರಿಯಲ್ಲಿ ಹೊನ್ನಾವರದ ಕಡೆ ಹೋಗಿಬಂದರು. ಅಲ್ಲಿನ ಅಂಗಡಿಯವನೊಬ್ಬ ಮೇಣದಂಥ ಬೂದು ಚೂರೊಂದನ್ನು ತೋರಿಸಿ, ಇದು ಅಂಬರ್, ತಿಮಿಂಗಿಲದ ಹೊಟ್ಟೆಯಿಂದ ಬಂದು ತೇಲಿ ದಡ ಸೇರುತ್ತದೆ, ಅತ್ತರಿನವರು ಚಿನ್ನದಂತೆ ಕೊಳ್ಳುತ್ತಾರೆ ಎಂದಿದ್ದನಂತೆ. ನಮ್ಮೂರು ದಬ್ಬೇಘಟ್ಟಕ್ಕೆ ವಾಪಸಾದ ಮೇಲೆ ಇವರ ಬಾಯಲ್ಲಿ ಬೇರೆ ಮಾತೇ ಇಲ್ಲ.

ಒಂದು ದಿನ ಭಾವ, ಅಂದರೆ ಇವರ ಅಣ್ಣ, ತೆಂಗಿನ ತೋಟದ ಆಳುಗಳ ಎದುರಿಗೇ ನಕ್ಕರು. "ತೋಟ ಬುಟ್ಟು ತಿಮಿಂಗಿಲ ಕಕ್ಕಿದ್ನ ಆಯಕ್ಕೆ ಹೋಯ್ತೀಯೇನ್ಲಾ?"

"ಆಯ್ಕೊಂಡೇ ಬತ್ತೀನಿ. ಅಲ್ಲೀಗಂಟ ಈ ಮನೆಗೆ ಕಾಲಿಡಲ್ಲ" ಅಂದರು ಇವರು. ವಾರದೊಳಗೆ ನನ್ನನ್ನೂ ಕರೆದುಕೊಂಡು ಹೊರಟರು.

ಕಡಲಿನ ಪಕ್ಕದ ಊರಲ್ಲಿ ಮೀನು ಮಾರುವ ಹೆಂಗಸೊಬ್ಬಳ ಹಿತ್ತಿಲ ಕೋಣೆ ಸಿಕ್ಕಿತು. ಬಾಗಿಲು ತೆಗೆದರೆ ಒಣಮೀನಿನ ವಾಸನೆ, ಮುಚ್ಚಿದರೆ ಉಸಿರುಕಟ್ಟುವ ಸೆಕೆ. ಬೆಳಕು ಹರಿಯುವ ಮೊದಲೇ ಇವರು ಮರಳಿಗೆ ಹೋಗುತ್ತಿದ್ದರು. ಟಾರಿನ ಗಟ್ಟಿ, ಸೋಪಿನ ತುಂಡು, ಕೊಬ್ಬಿನ ಮುದ್ದೆ ಏನೇನೋ ತರುತ್ತಿದ್ದರು. ಅಸಲಿಯೋ ಎಂದು ನೋಡಲು ಸೂಜಿ ಕಾಯಿಸಿ ಚುಚ್ಚಿ, ಮೂಸಿ, ಅಲ್ಲವೆಂದು ಹೊರಗೆ ಎಸೆಯುತ್ತಿದ್ದರು.

ಮೂರನೆಯ ವಾರ ಅಡಿಕೆಯಷ್ಟು ದೊಡ್ಡ ಅಸಲಿ ಚೂರೊಂದು ಸಿಕ್ಕಿತು. ಹೊನ್ನಾವರದ ಆ ಅಂಗಡಿಯವನೇ ಅದನ್ನು ಕೊಂಡುಕೊಂಡ. ನಾನು ಕುಣಿದಾಡುತ್ತಾ ಟ್ರಂಕಿಗೆ ಬಟ್ಟೆ ತುಂಬಿದೆ.

"ಇಷ್ಟಕ್ಕೆ ಅಣ್ಣನ ಮುಂದೆ ಹೋಗಿ ನಿಂತ್ಕೊಳ್ಳಾ? ದೊಡ್ಡದು ಸಿಗ್ತದೆ, ಇನ್ನೊಂದೇ ಸಲ ಕಣೇ" ಅಂದರು.

ಬಟ್ಟೆಯನ್ನೆಲ್ಲ ಮತ್ತೆ ಹೊರಗೆ ತೆಗೆದೆ. ಆ ಚೂರು ಸಿಗದೇ ಹೋಗಿದ್ದರೆ ತಿಂಗಳಲ್ಲಿ ಬೇಸತ್ತು ಮನೆಗೆ ಬರುತ್ತಿದ್ದರೇನೋ. ಅದಾದ ಮೇಲೆ ಒಂದೂವರೆ ವರ್ಷ ಅಲ್ಲೇ ಕಳೆದೆವು. ವ್ಯಾಪಾರ ಚೆನ್ನಾಗಿದೆ ಎಂದು ಕಂದಿಕೆರೆಯ ನಮ್ಮವ್ವನಿಗೆ ನನ್ನ ಕೈಯಲ್ಲೇ ಸುಳ್ಳು ಬರೆಸಿದರು. ನೋಡಲು ಬರುತ್ತೇನೆಂದ ನನ್ನ ತಮ್ಮನಿಗೆ ಬರಬೇಡವೆಂದು ಬರೆಸಿದರು. ಒಂದೊಂದು ಕಾಗದ ಹಾಕಿದಾಗಲೂ ಊರಿನ ದಾರಿ ಇನ್ನಷ್ಟು ಮುಚ್ಚಿಕೊಳ್ಳುತ್ತಿತ್ತು.

ಎರಡನೆಯ ಮಳೆಗಾಲದ ಕೊನೆಯಲ್ಲಿ ಇವರು ಜ್ವರ ಬಂದು ಮಲಗಿದರು. ರಾತ್ರಿಯೆಲ್ಲ ಬಿರುಗಾಳಿ ಬೀಸಿತ್ತು. "ಇವತ್ತೇ ಬಂದಿರ್ತದೆ, ಹೋಗಿ ನೋಡು" ಎಂದು ನನ್ನನ್ನು ಅಟ್ಟಿದರು.

ಪಾಚಿಯ ರಾಶಿಯಲ್ಲಿ ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟು ದಪ್ಪದ ಬೂದು ಉಂಡೆಯೊಂದು ಬಿದ್ದಿತ್ತು. ಗಾತ್ರಕ್ಕೆ ತಕ್ಕ ತೂಕವಿರಲಿಲ್ಲ. ಮೂಸಿದೆ. ಮೊದಲು ಸಗಣಿಯ ವಾಸನೆ, ಅದರ ಹಿಂದೆಯೇ ಏನೋ ಸಿಹಿ. ಅದನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತೆ. ತೆಗೆದುಕೊಂಡು ಹೋದರೆ ಊರಿಗೆ ಹೋಗಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅಡಿಕೆಯಷ್ಟು ಚೂರಿಗೆ ಒಂದೂವರೆ ವರ್ಷ ಕೂತವರು ಇದಕ್ಕೆ ಇನ್ನೆಷ್ಟು ವರ್ಷ ಕೂರುತ್ತಾರೆ?

ಮೊಣಕಾಲುದ್ದ ನೀರಿಗಿಳಿದು ಎಸೆದೆ. ಅಲೆ ಅದನ್ನು ತಂದು ನನ್ನ ಕಾಲ ಬಳಿಯೇ ಬಿಟ್ಟಿತು. ಮತ್ತೆ ಎಸೆದೆ, ಮತ್ತೆ ಬಂತು. ಅಳುತ್ತಲೇ ಹೊಳೆ ಕಡಲು ಸೇರುವ ಕಡೆ ಓಡಿ, ಇಳಿತದ ಸೆಳವಿಗೆ ಬಿಟ್ಟೆ. ಅದು ಕಣ್ಮರೆಯಾಗುವವರೆಗೂ ಅಲ್ಲಾಡದೆ ನಿಂತಿದ್ದೆ.

"ಏನಾದ್ರೂ ಸಿಕ್ತಾ?" ನಾನು ಕೋಣೆಗೆ ಬರುತ್ತಲೇ ಇವರು ಮಲಗಿದ್ದಲ್ಲಿಂದ ಕೇಳಿದರು.

"ಏನಿಲ್ಲ ಕಣ್ರೀ" ಅಂದೆ.

ಅವತ್ತೇ ಅವರಿಗೆ ತಿಳಿಯದಂತೆ ಭಾವನಿಗೆ ಇದ್ದದ್ದು ಇದ್ದಂತೆ ಕಾಗದ ಬರೆದು ಹಾಕಿದೆ. ಉಂಡೆಯ ವಿಷಯವೊಂದನ್ನು ಬಿಟ್ಟು. ವಾರದೊಳಗೆ ಭಾವ ಒಬ್ಬರೇ ಬಂದರು. ನಗಲಿಲ್ಲ. ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಮ್ಮನ ಹಣೆ ಮುಟ್ಟಿದರು.

"ಆಗಿದ್ದಾಯ್ತು ಬುಡು. ಕಾಯಿ ಕೆಡವಿಸ್ಬೇಕು, ನನ್ ಒಬ್ಬನ ಕೈಲಾಗಲ್ಲ. ಬಾ ಹೋಗನ."

ಇವರು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಮರುದಿನ ಮೂವರೂ ಬಸ್ಸು ಹತ್ತಿದೆವು.

ಆಮೇಲೆ ಇವರು ತೋಟದಲ್ಲಿ ಮೈಮುರಿದು ದುಡಿದರು. ಆದರೂ ಜಗುಲಿಗೆ ಯಾರೇ ಬಂದರೂ ಕಡಲ ಕಥೆ ಶುರುವಾಗುತ್ತದೆ. "ಜ್ವರ ಬರ್ದೇ ಇದ್ದಿದ್ರೆ ಆವತ್ತು ನಾನೇ ಹೋಗಿರ್ತಿದ್ದೆ. ಇವಳ ಕಣ್ಣಿಗೆ ಬೀಳ್ನಿಲ್ಲ, ಏನ್ ಮಾಡದು? ಅಲ್ವೇನೇ?" ಅನ್ನುತ್ತಾರೆ. ಪ್ರತಿ ಸಲವೂ ಹೌದು ಅನ್ನುತ್ತೇನೆ. ಆ ಉಂಡೆ ಅಸಲಿಯೋ, ಬರೀ ಕೊಬ್ಬಿನ ಮುದ್ದೆಯೋ, ನನಗೂ ಗೊತ್ತಿಲ್ಲ. ಯಾರನ್ನೂ ಕೇಳುವ ಹಾಗೂ ಇಲ್ಲ.